ಪದಚರ್ಚೆ: ಹಬ್ ಮೋಟಾರಿನ ‘ಕೂಲಿಂಗ್’, ‘ವೆಂಟ್’, ‘ಏರ್ ಗ್ಯಾಪ್’ – ತುರ್ತು

ಸು.:
ನಾಳೆ ಬೆಳಗ್ಗೆ ಮುದ್ರಣಕ್ಕೆ ಹೋಗಬೇಕು. ಎಲೆಕ್ಟ್ರಿಕ್ ಸೈಕಲ್ಲಿನ ಹಬ್ ಮೋಟಾರಿಗೆ (ಚಕ್ರದ ನಡುವೆಯೇ ಕೂರುವ ಮೋಟಾರು) ಗಾಳಿ ಆಡುವಂತೆ ತೂತು ಕೊರೆಯುವ ಕೈಪಿಡಿ, ಜೊತೆಗೆ ಮುಚ್ಚಳಕ್ಕೆ ಅಂಟಿಸುವ ಚೀಟಿ. ಗೇರ್ ಇಲ್ಲದ ಬಗೆ: ಸುರುಳಿ ಚಕ್ರದ ಅಚ್ಚಿಗೆ ಕಚ್ಚಿಕೊಂಡಿದೆ, ಅಯಸ್ಕಾಂತದ ಬಳೆ ಹೊರಗೆ ತಿರುಗುತ್ತದೆ. ಕೂಲಿಂಗಿಗೆ ‘ಶೀತಲೀಕರಣ’, ವೆಂಟಿಗೆ ‘ಗಾಳಿರಂಧ್ರ’ ಎಂದು ಹಾಕಿದ್ದೇನೆ. ಇನ್ಲೆಟ್, ಔಟ್‌ಲೆಟ್, ಏರ್ ಗ್ಯಾಪ್ (ಸುರುಳಿಯ ಭಾಗಕ್ಕೂ ಅಯಸ್ಕಾಂತಕ್ಕೂ ನಡುವಿನ ಕಿರಿದಾದ ಜಾಗ) ಉಳಿದಿವೆ. ಚೀಟಿಯಲ್ಲಿ ಎರಡೇ ಪದಕ್ಕೆ ಜಾಗ.

ನ.ಭ.:
‘ಗಾಳಿರಂಧ್ರ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ತೆಗೆಯಿರಿ.
ಶೀತಲೀಕರಣ ಫ್ರಿಜ್ಜಿನ ಕೆಲಸ. ಇಲ್ಲಿ ಯಾವುದೂ ಶೀತಲವಾಗುವುದಿಲ್ಲ, 130 ಡಿಗ್ರಿಗೆ ಏರುವುದು 90ರಲ್ಲಿ ನಿಂತರೆ ಗೆದ್ದ ಹಾಗೆ. ‘ಆರು’ ಧಾತು ಕೈಯಲ್ಲೇ ಇದೆ: ಕಾಫಿ ಆರಿತು, ಅನ್ನ ಆರಿತು. ‘ಆರಿಕೆ’ ಎನ್ನಿ.

ವೆಂ.:
‘ಮೋಟಾರ್ ಆರಿಸಿ’ ಎಂದು ಚೀಟಿ ಅಂಟಿಸಿದರೆ ಒಬ್ಬ ಸ್ವಿಚ್ ಆಫ್ ಮಾಡುತ್ತಾನೆ, ಇನ್ನೊಬ್ಬ ಯಾವುದನ್ನು ಆರಿಸಲಿ ಎಂದು ಕೇಳುತ್ತಾನೆ.
ಅರಿಸಮಾಸದ ಮಡಿ ಸಾಕು. ವ್ಯಾಕರಣಕಾರ ಕೇಶಿರಾಜನೇ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ. ವೆಂಟಿಗೆ ‘ಗವಾಕ್ಷಿ’ ಇದೆಯಲ್ಲ. ಗೋ, ಅಕ್ಷಿ, ‘ಗೋ’ದ ಓಕಾರದ ಜಾಗಕ್ಕೆ ‘ಅವ’ ಬರುವ ಅವಙ್ ಆದೇಶ, ಪಾಣಿನಿ ಸ್ಫೋಟಾಯನನ ಹೆಸರು ಹಿಡಿದೇ ಹೇಳಿದ್ದಾನೆ. ದುಂಡಗಿನ ತೂತಿಗೆ ಹಸುವಿನ ಕಣ್ಣಿಗಿಂತ ಒಪ್ಪುವ ಪದ ಯಾವುದು?

ನ.ಭ.:
ಮೋಟಾರಿನ ಮುಚ್ಚಳ ಬಿರುದಾವಳಿಯಲ್ಲ.

ಕಿ.:
ಗವಾಕ್ಷಿ ಸೂರಿನಲ್ಲಿರುವುದು; ಬೆಳಕು ಇಳಿಯಲಿ, ಹೊಗೆ ಏರಲಿ ಎಂದು. ತಿರುಗುವ ಮುಚ್ಚಳಕ್ಕೆ ಮೇಲೆ–ಕೆಳಗೆ ಇಲ್ಲ, ಅಚ್ಚಿನ ಪಕ್ಕ ಮತ್ತು ಅಂಚು ಇವೆ ಅಷ್ಟೆ. ತಿರುಗುವಾಗ ಗಾಳಿ ಅಂಚಿನ ಕಡೆಗೆ ಚಿಮ್ಮಿ ಹೋಗುತ್ತದೆ. ಆದ್ದರಿಂದ ಒಂದು ಮುಚ್ಚಳದಲ್ಲಿ ಅಚ್ಚಿನ ಹತ್ತಿರ, ಇನ್ನೊಂದರಲ್ಲಿ ಅಂಚಿನ ಹತ್ತಿರ ಕೊರೆಯಬೇಕು. ಆಗ ಗಾಳಿ ಅಚ್ಚಿನ ಕಡೆಯಿಂದ ಒಳಬಂದು, ಸುರುಳಿಯನ್ನು ಹಾದು, ಅಂಚಿನ ಕಡೆಯಿಂದ ಹೊರಹೋಗುತ್ತದೆ. ಎರಡರಲ್ಲೂ ಒಂದೇ ದೂರದಲ್ಲಿ ಕೊರೆದವರಿಗೆ ದೂಳು ಮಾತ್ರ ಲಾಭ. ಹಾಗಾಗಿ ಎರಡು ಕಿಂಡಿಗೂ ಒಂದೇ ಹೆಸರು ಸಲ್ಲದು.

‘ಹೊರಗಾಳಿ ಕಿಂಡಿ’ ಎಂದು ಮಾತ್ರ ಬರೆಯಬೇಡಿ. ಹೊರಗಿನ ಗಾಳಿ ಬರುವ ಕಿಂಡಿ ಎಂದು ಓದುತ್ತಾರೆ, ಅರ್ಥ ತಲೆಕೆಳಗು. ‘ಗಾಳಿ ಒಳಕ್ಕೆ’, ‘ಗಾಳಿ ಹೊರಕ್ಕೆ’ ಸಾಕು.

ಕೈಪಿಡಿಯಲ್ಲಿ ಇವೂ ಬರಲಿ. ಮುಚ್ಚಳ ಬಿಚ್ಚಿ, ಮೋಟಾರಿನಿಂದ ದೂರ ಒಯ್ದು ಕೊರೆಯಬೇಕು. ಮೊದಲು 3 ಮಿ.ಮೀ., ಆಮೇಲೆ 8 ಅಥವಾ 10. ಬೇರಿಂಗ್ ಕೂರುವ ಜಾಗ, ಬೋಲ್ಟಿನ ತೂತು ಬಿಟ್ಟು ಸಮ ಅಂತರದಲ್ಲಿ. ಅಂಚಿನ ಮುಳ್ಳು ಕೆರೆದು ತೆಗೆಯಬೇಕು. ಅಲ್ಯೂಮಿನಿಯಂ ಚೂರು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಸುರುಳಿಯ ತಂತಿಯ ಎನಾಮೆಲ್ ಲೇಪ ಗೀರಿ ಶಾರ್ಟ್ ಮಾಡುತ್ತದೆ. ಕಬ್ಬಿಣದ್ದಾದರೆ ಅಂಟಿಯೇ ಕೂರುತ್ತದೆ, ಟೇಪು ಒತ್ತಿ ಎತ್ತಬೇಕು. ಮಳೆನೀರು ಒಳಹೋಗುವುದು ಖಂಡಿತ. ಸ್ಟೇಟರಿನ (ಸುರುಳಿ ಸುತ್ತಿದ, ತಿರುಗದ ಭಾಗ) ಉಕ್ಕಿನ ತಗಡಿಗೆ ಮೊದಲೇ ವಾರ್ನಿಷ್ ಬಳಿಯದಿದ್ದರೆ ತುಕ್ಕು. ಗೇರ್ ಇರುವ ಹಬ್ಬಿಗೆ ಈ ಕೊರೆತ ಬೇಡ, ಗ್ರೀಸಿಗೆ ಮಣ್ಣು ಸೇರಿ ನೈಲಾನ್ ಗೇರು ಸವೆಯುತ್ತದೆ.

ಘಾಟಿ ಏರುವಾಗ ಕಿಂಡಿಯನ್ನು ನಂಬಬಾರದು. ಕರೆಂಟ್ ಎರಡರಷ್ಟಾದರೆ ಸುರುಳಿಯಲ್ಲಿ ಹುಟ್ಟುವ ಕಾವು ನಾಲ್ಕರಷ್ಟು, ಚಕ್ರ ನಿಧಾನವಾದ್ದರಿಂದ ಗಾಳಿ ಮಾತ್ರ ಕಮ್ಮಿ.

ಸು.:
ಏರ್ ಗ್ಯಾಪಿಗೆ ‘ಗಾಳಿಸಂದು’?

ಕಿ.:
‘ಸಂದು’ ಸಾಕು. ಅಲ್ಲಿ ಕಾಂತದ್ರವ ಹಾಕುವುದೂ ಉಂಟು. ವ್ಯಾಂಕೂವರಿನ ಕಂಪನಿ ಗ್ರಿನ್‌ನವರು ‘ಸ್ಟೇಟರೇಡ್’ ಹೆಸರಿನಲ್ಲಿ ಮಾರುತ್ತಾರೆ. ಕೆಲವೇ ಮಿಲಿಲೀಟರ್ ಹಾಕಿದರೆ ಅಯಸ್ಕಾಂತದ ಸೆಳೆತಕ್ಕೆ ಸಂದಿನಲ್ಲೇ ನಿಂತು, ಕಾವನ್ನು ಹೊರಗವಚಕ್ಕೆ ದಾಟಿಸುತ್ತದೆ. ದ್ರವ ತುಂಬಿದ ಮೇಲೂ ಗಾಳಿಸಂದು ಅನ್ನುತ್ತೀರಾ?

ವೆಂ.:
‘ಸಂದು’ ಸಂಸ್ಕೃತದ ಸಂಧಿಯ ತದ್ಭವ. ನ.ಭ. ಅವರಿಗೆ ನಡೆಯುತ್ತದೋ?

ನ.ಭ.:
ತದ್ಭವ ನಮ್ಮ ಮನೆ ಸೊಸೆ. ‘ಸ್ಟೇಟರ್’, ‘ವಾರ್ನಿಷ್’ ಬಾಡಿಗೆಯವರು. ಬಾಡಿಗೆಯವರೇ ತುಂಬಿಕೊಂಡರೆ ಮನೆ ಯಾರದ್ದು?

ಕಿ.:
ಬಾಡಿಗೆ ಸರಿಯಾಗಿ ಬರುತ್ತಿದೆ, ಇರಲಿ ಬಿಡಿ. ರೀವೈಂಡಿಂಗ್ ಅಂಗಡಿಗೆ ಹೋಗಿ ‘ಸ್ಥಾಯಿ ಭಾಗಕ್ಕೆ ಮೆರುಗೆಣ್ಣೆ ಬಳಿಯಿರಿ’ ಅನ್ನಿ, ಮೂರ್ತಿ ಮಾಡುವವರ ಮನೆ ತೋರಿಸುತ್ತಾರೆ.

ಸು.:
ಹೀಗೆ ಕಳಿಸುತ್ತಿದ್ದೇನೆ. ಶೀರ್ಷಿಕೆ: ‘ಹಬ್ ಮೋಟಾರಿನ ಕಾವಿಳಿಸುವುದು’. ಚೀಟಿಗಳು: ‘ಗಾಳಿ ಒಳಕ್ಕೆ’, ‘ಗಾಳಿ ಹೊರಕ್ಕೆ’. ಎಚ್ಚರಿಕೆ: ‘ಬಿಸಿ ಆರುವ ತನಕ ಮುಚ್ಚಳ ಬಿಚ್ಚಬೇಡಿ’. ‘ಆರು’ ಅಲ್ಲಿ ಉಳಿದಿದೆ, ನ.ಭ. ಸರ್.

ವೆಂ.:
‘ಹಬ್’ ಯಾಕೆ? ನಾಭಿ ಇಲ್ಲವೇ?

ನ.ಭ.:
ನಾಭಿ ಮೋಟಾರು ಅಂದರೆ ಜನ ಹೊಕ್ಕುಳ ಮುಟ್ಟಿಕೊಳ್ಳುತ್ತಾರೆ. ಹಬ್ಬೇ ಇರಲಿ.