ಜೆನ್ನಿಫರ್ ಮೈಕಲ್ ಹೆಕ್ಟ್: ಯಾವ ಪುಸ್ತಕದಿಂದ ಹಿಡಿಯುವುದು?

ಪುಟತಿರುವು:
ಅಮೆರಿಕದ ಕವಿ, ಇತಿಹಾಸಕಾರ್ತಿ ಜೆನ್ನಿಫರ್ ಮೈಕಲ್ ಹೆಕ್ಟ್ ಬಗ್ಗೆ ನಮ್ಮ ಓದುಬಳಗಕ್ಕೆ ಪರಿಚಯ ಬರೆಯಬೇಕಿದೆ. ಹುಟ್ಟು 1965, ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್. 1995ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ವಿಜ್ಞಾನದ ಇತಿಹಾಸದಲ್ಲಿ ಪಿಎಚ್‌ಡಿ. ಇಲ್ಲಿಯವರೆಗೆ ಸರಿ, ಮುಂದೆ ಗೋಜಲು. ಕೆಲವರು ನಾಸ್ತಿಕವಾದದ ವಕ್ತಾರೆ ಅಂತಾರೆ, ಕೆಲವರು ಕವಿ ಅಂತಾರೆ. ‘ಡೌಟ್: ಎ ಹಿಸ್ಟರಿ’ಯಿಂದ ಶುರುಮಾಡಿದರೆ ಆದೀತೇ? ಅದರಲ್ಲಿ ನಮ್ಮ ಪ್ರಾಚೀನ ನಾಸ್ತಿಕರಾದ ಚಾರ್ವಾಕರೂ ಬರುತ್ತಾರಂತೆ. ಆ ಭಾಗವನ್ನು ಎಷ್ಟು ನೆಚ್ಚಬಹುದು?

ಹಳೇಕಪಾಟು:
ಹುಡುಕುವಾಗ ಪೂರ್ತಿ ಹೆಸರು ಹಾಕಿ. ಬರೀ ‘ಕವಿ ಹೆಕ್ಟ್’ ಅಂದರೆ ಆಂಥನಿ ಹೆಕ್ಟ್ ಸಿಗುತ್ತಾರೆ. 1968ರ ಪುಲಿಟ್ಜರ್ ಆತನದು, 2004ರಲ್ಲಿ ತೀರಿಕೊಂಡರು.

ಕವಿಯೋ ಇತಿಹಾಸಕಾರ್ತಿಯೋ ಎಂಬುದಕ್ಕೆ ಆಕೆಯೇ ಕ್ರಮ ಹೇಳಿದ್ದಾರೆ: ಕಾವ್ಯ ಮೊದಲು, ಇತಿಹಾಸ ಆಮೇಲೆ, ಸಾರ್ವಜನಿಕ ನಾಸ್ತಿಕವಾದ ಕೊನೆಗೆ. ಪುಸ್ತಕಗಳು ಬಂದದ್ದೂ ಹಾಗೆಯೇ. 2001ರಲ್ಲಿ ಟುಪೆಲೋ ಪ್ರೆಸ್‌ನಿಂದ ಕವನ ಸಂಕಲನ ‘ದಿ ನೆಕ್ಸ್ಟ್ ಏನ್ಷಿಯಂಟ್ ವರ್ಲ್ಡ್’. ಚೊಚ್ಚಲ ಕೃತಿಗೆ ಪೊಯೆಟ್ರಿ ಸೊಸೈಟಿ ಆಫ್ ಅಮೆರಿಕ ಕೊಡುವ ನಾರ್ಮಾ ಫಾರ್ಬರ್ ಪ್ರಶಸ್ತಿ ಅದಕ್ಕೆ ಬಂತು. 2003ರಲ್ಲಿ ಎರಡು ಇತಿಹಾಸ ಗ್ರಂಥಗಳು: ಸಾಮಾನ್ಯ ಓದುಗರಿಗೆ ‘ಡೌಟ್’, ವಿದ್ವಾಂಸರಿಗೆ ‘ದಿ ಎಂಡ್ ಆಫ್ ದಿ ಸೋಲ್’.

ಎಲ್ಲರೂ ‘ಡೌಟ್’ ಹಿಡಿದು ಹೊರಡುತ್ತಾರೆ, ಎಡವುವುದೂ ಅಲ್ಲೇ. ಗ್ರೀಕರಿಂದ ನಮ್ಮ ಕಾಲದವರೆಗೆ ಸಂದೇಹಿಗಳ ದೊಡ್ಡ ಮೆರವಣಿಗೆ ಅದು. ಹೆಸರುಗಳ ನಡುವೆ ಹೆಕ್ಟ್ ಏನನ್ನು ಕೇಳುತ್ತಿದ್ದಾರೆ ಎಂಬುದೇ ಕೈತಪ್ಪುತ್ತದೆ. ‘ಎಂಡ್ ಆಫ್ ದಿ ಸೋಲ್’ನಿಂದ ಹಿಡಿಯಿರಿ. 1876ರಲ್ಲಿ ಪ್ಯಾರಿಸ್ಸಿನ ಕೆಲವು ನಾಸ್ತಿಕ ಮಾನವಶಾಸ್ತ್ರಜ್ಞರು ‘ಪರಸ್ಪರ ಶವಪರೀಕ್ಷಾ ಸಂಘ’ ಕಟ್ಟಿಕೊಂಡರು. ತಾನು ಸತ್ತರೆ ತನ್ನ ಮೆದುಳನ್ನು ಗೆಳೆಯರು ಕೊಯ್ದು ನೋಡಲಿ ಎಂದು ಉಯಿಲು ಬರೆದಿಡುವುದು ಸಂಘದ ಕಟ್ಟಳೆ. ಆಗ ಪ್ರಯೋಗಾಲಯಕ್ಕೆ ಬರುತ್ತಿದ್ದವು ಹೆಚ್ಚಾಗಿ ಗುರುತಿಲ್ಲದ ಬಡವರ ಮೆದುಳುಗಳು. ಸ್ವಭಾವ, ಪ್ರತಿಭೆ ಗೊತ್ತಿರುವವರ ಮೆದುಳು ಸಿಕ್ಕರೆ ಬುದ್ಧಿ ಎಲ್ಲಿದೆ ಎಂದು ತೋರಿಸಬಹುದು, ಆತ್ಮವೆಂಬುದಿಲ್ಲ ಎಂದು ಚರ್ಚಿಗೆ ಸಾಬೀತು ಮಾಡಬಹುದು ಎಂಬ ಲೆಕ್ಕ. ವಿಜ್ಞಾನವಾಗಿ ಅದರಿಂದ ಹೆಚ್ಚೇನೂ ದಕ್ಕಲಿಲ್ಲ. ಹೆಕ್ಟ್ ಹಿಡಿಯುವ ಎಳೆ ಬೇರೆ: ಪಾದ್ರಿಯನ್ನು ಹೊರಗಿಟ್ಟವರು ಶವಪರೀಕ್ಷೆಯನ್ನೇ ತಮ್ಮ ಅಂತ್ಯಸಂಸ್ಕಾರ ಮಾಡಿಕೊಂಡರು.

ಇದಕ್ಕೆ ಇನ್ನೊಂದು ಕರಾಳ ಮುಖವೂ ಉಂಟು. ಆತ್ಮವಿಲ್ಲ, ಇರುವುದು ದೇಹವಷ್ಟೇ ಎಂಬ ಅದೇ ಭೌತವಾದದಿಂದ ಹೊರಟ ವಾಶೆ ದ ಲಾಪೂಜ್ ಎಂಬಾತ ತಲೆಬುರುಡೆ ಅಳೆದು ಜನಾಂಗಗಳಿಗೆ ಮೇಲುಕೀಳು ಕಟ್ಟಿದ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವದ ಜಾಗದಲ್ಲಿ ನಿಯತಿ, ಅಸಮಾನತೆ, ಯೋಗ್ಯರ ಆಯ್ಕೆ ಎಂದ. ಪರಿಚಯ ಲೇಖನದಲ್ಲಿ ಈತನನ್ನು ಬಿಟ್ಟರೆ ಹೆಕ್ಟ್ ಬರೀ ನಾಸ್ತಿಕರ ಭಜನೆ ಮಾಡುವವರಂತೆ ಕಂಡಾರು.

ಸಾಲುಮುರಿ:
ಒಪ್ಪಿದೆ, ಆದರೆ ಕವನಗಳನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಅನ್ಯಾಯ. ಮೊದಲ ಸಂಕಲನದ ಶೀರ್ಷಿಕೆಯೇ ಇತಿಹಾಸಕಾರರದು: ನಮ್ಮ ಈ ಕಾಲವೇ ಮುಂದಿನವರಿಗೆ ಪ್ರಾಚೀನ ಜಗತ್ತು. 2005ರ ‘ಫನ್ನಿ’ ಹಳೆಯ ಜೋಕುಗಳನ್ನು ಎತ್ತಿಕೊಂಡು ಒಳಗಿನ ದುಃಖದವರೆಗೆ ಎಳೆಯುತ್ತದೆ. ಅದಕ್ಕೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮುದ್ರಣಾಲಯದ ಫೆಲಿಕ್ಸ್ ಪೊಲಾಕ್ ಬಹುಮಾನ. 2013ರ ‘ಹೂ ಸೆಡ್’ ಪ್ರಸಿದ್ಧ ಇಂಗ್ಲಿಷ್ ಕವಿತೆಗಳಿಗೆ ಎದುರುಮಾತು. ಮೂಲ ಕವಿತೆ ಪಕ್ಕದಲ್ಲಿಟ್ಟುಕೊಳ್ಳದೆ ಓದಿದರೆ ಅರ್ಧ ಸ್ವಾರಸ್ಯ ಹೋಯಿತು. ಬಳಗದಲ್ಲಿ ಜೋರಾಗಿ ಓದಲು ‘ಫನ್ನಿ’ಯೇ ವಾಸಿ.

ಅದೇ 2013ರಲ್ಲಿ ಬಂದ ‘ಸ್ಟೇ’ ಆತ್ಮಹತ್ಯೆಯ ಕುರಿತ ವಿಚಾರಗಳ ಇತಿಹಾಸ, ಹಿನ್ನೆಲೆಯಲ್ಲಿ ಇಬ್ಬರು ಕವಿಮಿತ್ರರ ಸಾವು. ವಾದ ಎರಡೇ: ಒಬ್ಬರು ಉಳಿದರೆ ಸುತ್ತಲಿನವರಿಗೂ ಉಳಿಯುವ ಬಲ ಬರುತ್ತದೆ, ಇಂದಿನ ನೀವು ನಾಳಿನ ನಿಮಗೆ ಬದುಕುವ ಅವಕಾಶ ಕೊಡಬೇಕು. ದೇವರ ಹೆಸರೆತ್ತದೆ ‘ಬೇಡ’ ಅನ್ನುವ ದಾರಿ ಹುಡುಕುವುದೇ ಅದರ ವಿಶೇಷ.

ಪುಟತಿರುವು:
ಹಾಗಾದರೆ 2023ರ ‘ದಿ ವಂಡರ್ ಪ್ಯಾರಡಾಕ್ಸ್’ ಎಲ್ಲಿ ಕೂರುತ್ತದೆ?

ಹಳೇಕಪಾಟು:
ನೇರವಾಗಿ ಪ್ಯಾರಿಸ್ಸಿನ ಸಂಘದ ಪಕ್ಕ. ಮದುವೆ, ಸಾವು, ಹಬ್ಬಗಳಲ್ಲಿ ನಂಬಿಕೆಯಿಲ್ಲದವರು ಏನು ಮಾಡಬೇಕು? ಮಂತ್ರದ ಜಾಗಕ್ಕೆ ಒಂದು ಕವಿತೆ ಇಟ್ಟುಕೊಳ್ಳಿ ಅನ್ನುತ್ತದೆ. ಅವರಿಗೆ ಚಾಕು, ಇವರಿಗೆ ಕವಿತೆ. ಎರಡೂ ಪುಸ್ತಕಗಳ ನಡುವೆ ಸರಿಯಾಗಿ 20 ವರ್ಷ.

ಲೋಕಾಯತಪ್ರಿಯ:
ಚಾರ್ವಾಕರ ಮಾತಿಗೆ ಬರುತ್ತೇನೆ. ‘ಡೌಟ್’ನಲ್ಲಿ ಆ ಭಾಗವನ್ನು ಪರಿಚಯವಾಗಿ ಓದಿ, ಆಧಾರವಾಗಿ ಅಲ್ಲ. ದೋಷ ಹೆಕ್ಟ್ ಅವರದಲ್ಲ; ಚಾರ್ವಾಕರ ಮೂಲಸೂತ್ರಗಳೇ ಉಳಿದಿಲ್ಲ, ಎದುರಾಳಿಗಳು ಖಂಡಿಸಲು ಉದ್ಧರಿಸಿದ್ದೇ ನಮಗೆ ಗತಿ. ಮುಖ್ಯ ಆಕರ ವಿಜಯನಗರ ಕಾಲದ, 14ನೇ ಶತಮಾನದ ‘ಸರ್ವದರ್ಶನಸಂಗ್ರಹ’. ಅದರ ಮೊದಲ ಅಧ್ಯಾಯವೇ ಚಾರ್ವಾಕ ದರ್ಶನ. ಆ ಅಧ್ಯಾಯವನ್ನು ಮೊದಲು ಓದಿ ಆಮೇಲೆ ಹೆಕ್ಟ್ ಓದಿದರೆ ಯಾವುದು ಉದ್ಧರಣೆ, ಯಾವುದು ವ್ಯಾಖ್ಯಾನ ಎಂದು ಬೇರ್ಪಡಿಸಬಹುದು. ಲೇಖನದಲ್ಲಿ ಗ್ರಂಥಕರ್ತರ ಹೆಸರು ಮಾಧವಾಚಾರ್ಯ ಎಂದೇ ಇರಲಿ. ದೀರ್ಘ ಬಿಟ್ಟು ವತ್ತು ಸೇರಿಸಿದರೆ ಉಡುಪಿಯ ಮಧ್ವಾಚಾರ್ಯರಾಗುತ್ತಾರೆ, ಅವರ ದರ್ಶನ ಆ ಗ್ರಂಥದೊಳಗೇ ಇನ್ನೊಂದು ಅಧ್ಯಾಯ.