ಟ್ಯಾಂಕಿನ ಓವರ್‌ಫ್ಲೋ ಪೈಪ್ ರಾತ್ರಿಯಿಡೀ ತೊಟ್ಟಿಕ್ಕುತ್ತಿದೆ, ಬಾಯಿಗೆ ಕ್ಯಾಪ್ ಹಾಕಬಹುದಾ?

ಕಲ್ಯಾಣನಗರ, ಚಿಕ್ಕಮಗಳೂರು:
ನಮ್ಮದು ಒಂದೇ ಅಂತಸ್ತಿನ ಮನೆ. ಬಚ್ಚಲಿನ ತಾರಸಿ ಮೇಲೆ 500 ಲೀಟರ್ ಟ್ಯಾಂಕ್ ಇದೆ. ನಲ್ಲಿ ನೀರು ಮೋಟಾರಿಲ್ಲದೆ ನೇರ ಅದಕ್ಕೇ ಏರುತ್ತದೆ. ಮಳೆಗಾಲದಲ್ಲಿ ಸೂರಿನ ನೀರಿನ ಜೊತೆ ಸೇರಿಕೊಂಡು ಇದು ಗೊತ್ತೇ ಆಗಿರಲಿಲ್ಲ. ಈಗ ಬಿಸಿಲು ಬಂದರೂ ಗೋಡೆಯ ಒಂದು ಪಟ್ಟಿ ಮಾತ್ರ ಪಾಚಿ ಕಟ್ಟಿ ಹಸಿರಾಗೇ ಇದೆ. ನೀರು ಬಿಟ್ಟ ದಿನ ರಾತ್ರಿ ತೊಟ್ಟಿಕ್ಕುವುದು ಜಾಸ್ತಿ. ಬೆಳಗ್ಗೆ ಪಾತ್ರೆಗೆ ಕೂತರೆ ನಿಲ್ಲುತ್ತದೆ. ಕೆಳಗಿರುವುದು ಪಕ್ಕದ ಮನೆ ಅಜ್ಜಿಯ ಸೌದೆ ಕೊಟ್ಟಿಗೆಯ ತಗಡು. ಅವರಿಗೆ ನಿದ್ದೆ ಇಲ್ಲ, ನಮಗೆ ಬೈಗುಳ ತಪ್ಪಿಲ್ಲ. ಪ್ಲಂಬರ್ "ನಾಳೆ ಬರ್ತೀನಿ ಅಕ್ಕ" ಅಂತಲೇ ಇದ್ದಾನೆ. ಪೈಪಿಗೆ ಕ್ಯಾಪ್ ಹಾಕಿಬಿಡು ಅಂತಾರೆ ನಮ್ಮನೆಯವರು.

ಹಾಸನದ ಹಳೇ ಮೇಸ್ತ್ರಿ:
ಕ್ಯಾಪ್ ಮಾತ್ರ ಬೇಡಮ್ಮ. ನೀರು ಮುಚ್ಚಳದ ಸಂದಿಯಿಂದ ಹೊರಬಂದು ತಾರಸಿ ಮೇಲೆ ನಿಲ್ಲುತ್ತದೆ, ಆಮೇಲೆ ಬಚ್ಚಲೇ ಸೋರುತ್ತದೆ. ಪೈಪ್ ಪಾಪ ತನ್ನ ಕೆಲಸ ಮಾಡುತ್ತಿದೆ. ತೊಂದರೆ ಒಳಗಿನ ಬಾಲ್ ವಾಲ್ವಿನದು, ಅಂದರೆ ಟ್ಯಾಂಕ್ ತುಂಬುತ್ತಾ ಚೆಂಡು ತೇಲಿ ಏರಿದಾಗ ಒಳಬರುವ ನೀರು ನಿಲ್ಲಿಸುವ ವಾಲ್ವಿನದು.

ನೀರು ಬರುವಾಗ ಮುಚ್ಚಳ ತೆಗೆದು ಚೆಂಡಿನ ಕಡ್ಡಿಯನ್ನು ಮೇಲಕ್ಕೆತ್ತಿ ಹಿಡಿಯಿರಿ. ನೀರು ಪೂರ್ತಿ ನಿಂತರೆ ವಾಲ್ವ್ ಸರಿಯಿದೆ. ಹಿತ್ತಾಳೆ ಕಡ್ಡಿಯಾದರೆ ಸ್ವಲ್ಪ ಕೆಳಕ್ಕೆ ಬಗ್ಗಿಸಿ, ನೀರು ಓವರ್‌ಫ್ಲೋ ತೂತಿಗಿಂತ ಎರಡು ಬೆರಳು ಕೆಳಗೇ ನಿಲ್ಲಲಿ. ಚೆಂಡನ್ನೂ ಬಿಚ್ಚಿ ಕಿವಿ ಹತ್ರ ಅಲ್ಲಾಡಿಸಿ. ಒಳಗೆ ನೀರು ಕುಲುಕಿದರೆ ಅದು ತೂತಾಗಿದೆ, ಬೇರೆ ಹಾಕಿ. ಕಡ್ಡಿ ಎತ್ತಿ ಹಿಡಿದರೂ ಸಣ್ಣಗೆ ಸೋರಿದರೆ ವಾಲ್ವಿನ ಬಾಯಿ ಮುಚ್ಚುವ ರಬ್ಬರ್ ಬಿಲ್ಲೆ, ಅಂದರೆ ವಾಷರ್ ಸವೆದಿದೆ, ಇಲ್ಲಾ ಮರಳು ಕೂತಿದೆ. ನನಗೆ ವಾಷರ್ ಮೇಲೇ ಅನುಮಾನ. ರಾತ್ರಿ ಬೀದಿಯವರೆಲ್ಲ ನಲ್ಲಿ ಮುಚ್ಚಿದ ಮೇಲೆ ಪ್ರೆಶರ್ ಏರುತ್ತದೆ, ಸವೆದ ವಾಷರ್ ಅದನ್ನು ತಡೆಯಲ್ಲ.

ಬಿಚ್ಚುವ ಮೊದಲು ಮೀಟರ್ ಹತ್ರದ ವಾಲ್ವ್ ಮುಚ್ಚಿ.

ಕಲ್ಯಾಣನಗರ, ಚಿಕ್ಕಮಗಳೂರು:
ಮೇಸ್ತ್ರೀ, ವಾಷರ್ರೇ! ನಟ್ಟನಡುವೆ ಉಂಗುರದಂತೆ ಗುಂಡಗೆ ಕುಳಿ ಬಿದ್ದಿತ್ತು, ಅದರೊಳಗೆ ಒಂದು ಮರಳಿನ ಕಾಳು. ಯಗಚಿ ನೀರೋ ಹಿರೇಕೊಳಲೆ ಕೆರೆ ನೀರೋ, ಮಳೆಗಾಲದಲ್ಲಿ ಕೆಂಪಗೇ ಬಂದಿತ್ತಲ್ಲ. ಅಂಗಡಿಯಲ್ಲಿ ಬರೀ ವಾಷರ್ ಕೊಡಲ್ಲ, ಇಡೀ ವಾಲ್ವ್ ತಗೊಳ್ಳಿ ಅಂದರು.

ಹಾಸನದ ಹಳೇ ಮೇಸ್ತ್ರಿ:
ಸದ್ಯಕ್ಕೆ ಅದೇ ವಾಷರನ್ನು ಮಗುಚಿ ಹಾಕಿ, ಹಿಂದಿನ ಮೈ ನುಣ್ಣಗಿರುತ್ತದೆ. ಕೆಲವು ತಿಂಗಳು ಬರಬಹುದು. ಹೊಸದು ತಂದರೆ ಅರ್ಧ ಇಂಚಿನ ಹಿತ್ತಾಳೆಯದೇ ತನ್ನಿ. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಮರೀಬೇಡಿ. ಓವರ್‌ಫ್ಲೋ ಬಾಯಿಗೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ, ಕ್ಯಾಪ್ ಅಲ್ಲ.

ಸಾಲಗಾಮೆ ರಸ್ತೆ, ಹಾಸನ:
ನಮ್ಮದು ಸಂಪಿನಿಂದ ಮೋಟಾರಲ್ಲಿ ಏರಿಸುವುದು. ಆಫ್ ಮಾಡೋದು ಮರೆತರೆ ಬೀದಿಯೆಲ್ಲ ನೀರು. ನಾವೂ ಬಾಲ್ ವಾಲ್ವ್ ಹಾಕಲಾ?

ಹಾಸನದ ಹಳೇ ಮೇಸ್ತ್ರಿ:
ಬೇಡ ಸ್ವಾಮಿ. ವಾಲ್ವ್ ಮುಚ್ಚಿಕೊಂಡರೂ ಮೋಟಾರ್ ಸುಮ್ನೆ ತಿರುಗುತ್ತಲೇ ಇರುತ್ತದೆ, ಕಾಯುತ್ತದೆ, ಇಲ್ಲಾ ಪೈಪಿನ ಜಾಯಿಂಟ್ ಬಿಡುತ್ತದೆ. ನಿಮಗೆ ಬೇಕಿರುವುದು ಫ್ಲೋಟ್ ಸ್ವಿಚ್. ಟ್ಯಾಂಕ್ ತುಂಬಿದ ಕೂಡಲೇ ಅದೇ ಮೋಟಾರ್ ನಿಲ್ಲಿಸುತ್ತದೆ. ವೈರಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.