ಹಡಗಿನ ‘ರೇಟಿಂಗ್ಸ್’ ಅಂದರೆ ಯಾರು? ಕನ್ನಡದಲ್ಲಿ ಏನು ಬರೆಯೋದು?

ಪದಕೋಶಿ:
1946ರ ಮುಂಬಯಿ ನೌಕಾ ಬಂಡಾಯದ ಬಗ್ಗೆ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರ್ತಾ ಇದ್ದೀನಿ. ‘ಆಫೀಸರ್ಸ್ ಅಂಡ್ ರೇಟಿಂಗ್ಸ್’ ಅಂತ ಪುಟಪುಟಕ್ಕೂ ಬರುತ್ತೆ. ನಿಘಂಟು ನೋಡಿದ್ರೆ ದರ್ಜೆ, ಶ್ರೇಯಾಂಕ ಅನ್ನುತ್ತೆ. ‘ತಲ್ವಾರ್‌ನ ಶ್ರೇಯಾಂಕಗಳು ಊಟ ಬಿಟ್ಟವು’ ಅಂತ ಬರೆಯೋಕಾಗಲ್ಲವಲ್ಲ! (ಬಂಡಾಯ ಶುರುವಾದದ್ದು ಈ ತಲ್ವಾರ್‌ನಲ್ಲೇ.) ಜಿಪಿ ರೇಟಿಂಗ್ ಕೋರ್ಸ್ ಅಂತ ಜಾಹೀರಾತು ಬರುತ್ತಲ್ಲ, ಅದೂ ಇದೇ ಪದವಾ?

ಲಂಗರು:
ಅದೇ ಪದ. ಇಲ್ಲಿ ರೇಟಿಂಗ್ ಅಂದರೆ ಅಂಕ ಅಲ್ಲ, ಆಳು. ಎಣಿಸೋದೂ ಆಳಿನ ಹಾಗೇ: ಒಬ್ಬ ರೇಟಿಂಗ್, ಮೂವರು ರೇಟಿಂಗ್‌ಗಳು. ವಾಣಿಜ್ಯ ಹಡಗುಗಳಿಗೆ ಅನ್ವಯಿಸುವ, ಸಿಬ್ಬಂದಿಯ ತರಬೇತಿ ಮತ್ತು ಪ್ರಮಾಣಪತ್ರದ ಅಂತರರಾಷ್ಟ್ರೀಯ ಎಸ್‌ಟಿಸಿಡಬ್ಲ್ಯು ಒಪ್ಪಂದದ ವ್ಯಾಖ್ಯೆ ಚಿಕ್ಕದು: ಮಾಸ್ಟರ್ (ಕ್ಯಾಪ್ಟನ್) ಅಥವಾ ಅಧಿಕಾರಿ ಅಲ್ಲದ ಸಿಬ್ಬಂದಿ.

ಅರ್ಥ ಹೀಗೆ ತಿರುಗಿದ್ದು ಬ್ರಿಟಿಷ್ ನೌಕಾಪಡೆಯ ಹಾಜರಿ ಪುಸ್ತಕದಿಂದ. ಹೆಸರಿನ ಮುಂದೆ ಲ್ಯಾಂಡ್ಸ್‌ಮನ್, ಆರ್ಡಿನರಿ ಸೀಮನ್, ಏಬಲ್ ಸೀಮನ್ ಅಂತ ದರ್ಜೆ ಬರೀತಿದ್ರು, ಸಂಬಳ ಅದರ ಪ್ರಕಾರ. ಬರೆದ ದರ್ಜೆಗೆ ರೇಟಿಂಗ್ ಅಂತಿದ್ದದ್ದು ಆಮೇಲೆ ಆ ಮನುಷ್ಯನಿಗೇ ಅಂಟಿಕೊಂಡಿತು. ಕಮಿಷನ್ (ಅಧಿಕೃತ ನೇಮಕಪತ್ರ) ಪಡೆದ ಅಧಿಕಾರಿಯ ಹುದ್ದೆಯನ್ನು ಹಡಗಿನ ಕ್ಯಾಪ್ಟನ್ ಕಿತ್ತುಕೊಳ್ಳುವಂತಿರಲಿಲ್ಲ. ರೇಟಿಂಗ್‌ನ ದರ್ಜೆ ಮಾತ್ರ ಅವನ ಕೈಲೇ ಇತ್ತು. ಇಳಿಸಿದರೆ ‘ಡಿಸ್‌ರೇಟ್’ ಮಾಡಿದ ಅಂತಾರೆ. ಲೇಖನದಲ್ಲಿ ಆ ಪದ ಸಿಕ್ಕರೆ ‘ದರ್ಜೆ ಇಳಿಸಿದರು’ ಅನ್ನಿ, ‘ವಜಾ’ ಅಲ್ಲ.

ಹಡಗಿಗೇ ಕೊಡುವ ‘ರೇಟ್’ ಬೇರೆ. ಅದು ತೋಪುಗಳ ಲೆಕ್ಕ. 104 ತೋಪಿನ ಎಚ್‌ಎಂಎಸ್ ವಿಕ್ಟರಿ ‘ಫಸ್ಟ್ ರೇಟ್’. ನಾವು ಊಟಕ್ಕೂ ಸಿನಿಮಾಕ್ಕೂ ಹೇಳೋ ಫಸ್ಟ್ ರೇಟ್ ಬಂದದ್ದು ಅಲ್ಲಿಂದಲೇ.

ಬೋಸನ್ ಕಡೆಯವ:
ಜಿಪಿ ಅಂದರೆ ಜನರಲ್ ಪರ್ಪಸ್, ಡೆಕ್ಕಿಗೂ ಎಂಜಿನ್ನಿಗೂ ಆಗುವವನು. ಹತ್ತನೇ ತರಗತಿ ಆದಮೇಲೆ ಆರು ತಿಂಗಳ ತರಬೇತಿ. ಹಡಗು ಹತ್ತಿದ ಮೇಲೆ ದಾರಿ ಕವಲೊಡೆಯುತ್ತೆ. ಡೆಕ್ಕಲ್ಲಿ ಓಎಸ್ (ಆರ್ಡಿನರಿ ಸೀಮನ್), ಎಬಿ (ಏಬಲ್ ಸೀಮನ್), ಬೋಸನ್ (ಡೆಕ್ ಆಳುಗಳ ಮೇಸ್ತ್ರಿ). ಎಂಜಿನ್ನಲ್ಲಿ ವೈಪರ್, ಆಯ್ಲರ್ ಅಥವಾ ಮೋಟರ್‌ಮನ್, ಫಿಟ್ಟರ್. ಇವರೆಲ್ಲ ರೇಟಿಂಗ್‌ಗಳೇ. ಮೂವತ್ತು ವರ್ಷ ಸಮುದ್ರ ಕಂಡ ಬೋಸನ್ ರೇಟಿಂಗ್, ನಿನ್ನೆ ಲೈಸೆನ್ಸ್ ಪಡೆದ ಥರ್ಡ್ ಮೇಟ್ ಅಧಿಕಾರಿ. ಹಾಗಾಗಿ ‘ಕಿರಿಯ ಸಿಬ್ಬಂದಿ’ ಅಂತ ಬರೆದರೆ ಅರ್ಥ ಕೆಡುತ್ತೆ.

ಲಂಗರು ಹೇಳಿದ ಒಪ್ಪಂದಕ್ಕೆ 2010ರಲ್ಲಿ ಆದ ಮನಿಲಾ ತಿದ್ದುಪಡಿ ನಂತರ ಎಬಿ ಆಗೋನ ಪ್ರಮಾಣಪತ್ರದಲ್ಲಿ ‘ಏಬಲ್ ಸೀಫೇರರ್ ಡೆಕ್’ ಅಂತಿರುತ್ತೆ. ಅದಕ್ಕೆ ಮೊದಲು ಕಾವಲು ರೇಟಿಂಗ್ (ಹಡಗು ನಡೆಸುವ ಪಾಳಿಯ ಆಳು) ಅರ್ಹತೆ ಬೇಕು, ವಯಸ್ಸು 18 ಆಗಿರಬೇಕು, ಡೆಕ್ ಸೇವೆ 18 ತಿಂಗಳು, ಅನುಮೋದಿತ ತರಬೇತಿ ಇದ್ದರೆ 12. ಹಡಗಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಈಗಲೂ ಎಬಿ.

ಪದಕೋಶಿ:
ಹಾಗಿದ್ರೆ ‘ಖಲಾಸಿಗಳು’ ಅಂತ ಹಾಕಿಬಿಡಲಾ?

ಲಂಗರು:
ಬೇಡ. ಖಲಾಸಿ ಅಂದರೆ ಕರಾವಳಿಯಲ್ಲಿ ಬೋಟಿನ ಕೆಲಸಗಾರ, ರೈಲ್ವೆಯಲ್ಲಿ ಇನ್ಯಾರೋ. ತಲ್ವಾರ್ ಹಡಗೇ ಅಲ್ಲ, ಕೊಲಾಬಾದಲ್ಲಿದ್ದ ಸಿಗ್ನಲ್ ತರಬೇತಿ ಕೇಂದ್ರ. ಅಲ್ಲಿದ್ದವರಲ್ಲಿ ಬಹಳ ಜನ ತಂತಿ, ಸಂಕೇತ ಕಲಿತವರು. ಅವರನ್ನು ಖಲಾಸಿ ಅಂದರೆ ಚಿತ್ರವೇ ಬದಲಾಗುತ್ತೆ.

ಯುದ್ಧನೌಕೆಯ ಸಂದರ್ಭದಲ್ಲಿ ‘ಅಧಿಕಾರಿಗಳು ಮತ್ತು ನಾವಿಕರು’ ಸಾಕು. ವಾಣಿಜ್ಯ ಹಡಗಿನ ಬಗ್ಗೆ ಬರೆಯುವಾಗ ಇದು ನಡೆಯಲ್ಲ, ಯಾಕಂದ್ರೆ ಕನ್ನಡದ ‘ನಾವಿಕ’ನಲ್ಲಿ ಕ್ಯಾಪ್ಟನ್ನೂ ಸೇರ್ತಾನೆ. ಅಲ್ಲಿ ‘ರೇಟಿಂಗ್’ ಅಂತಲೇ ಇಟ್ಟು, ಮೊದಲ ಸಲ ‘ಅಧಿಕಾರಿಯಲ್ಲದ ಹಡಗು ಸಿಬ್ಬಂದಿ’ ಅಂತ ಬಿಡಿಸಿ.

ಇನ್ನೊಂದು ಗುಂಡಿ ಇದೆ. ಬಂಡಾಯ ನಡೆಸಿದ ನಾವಿಕರ ಮುಷ್ಕರ ಸಮಿತಿಯ ಅಧ್ಯಕ್ಷ ಎಂ. ಎಸ್. ಖಾನ್ ಲೀಡಿಂಗ್ ಸಿಗ್ನಲ್‌ಮನ್, ಉಪಾಧ್ಯಕ್ಷ ಮದನ್ ಸಿಂಗ್ ಪೆಟಿ ಆಫೀಸರ್ ಟೆಲಿಗ್ರಾಫಿಸ್ಟ್. ಹೆಸರಲ್ಲಿ ಆಫೀಸರ್ ಅಂತಿದ್ದರೂ ಪೆಟಿ ಆಫೀಸರ್ ರೇಟಿಂಗೇ. ‘ಕಿರಿಯ ಅಧಿಕಾರಿ’ ಅಂತ ಅನುವಾದಿಸಿದರೆ ಅಧಿಕಾರಿಗಳೂ ಬಂಡೆದ್ದರು ಅಂತ ಓದುಗ ತಿಳೀತಾನೆ.

ದೂರದರ್ಶಕ:
ಅಮೆರಿಕದ ಮೂಲ ಕೈಗೆ ಬಂದರೆ ಇದ್ಯಾವುದೂ ಅನ್ವಯಿಸಲ್ಲ. ಅಲ್ಲಿನ ನೌಕಾಪಡೆಯಲ್ಲಿ ‘ರೇಟ್’ ಅಂದರೆ ಸಂಬಳದ ದರ್ಜೆ, ‘ರೇಟಿಂಗ್’ ಅಂದರೆ ಕಸುಬು. 2016ರ ಸೆಪ್ಟೆಂಬರಿನಲ್ಲಿ ಆ ಕಸುಬಿನ ಹೆಸರುಗಳನ್ನು ತೆಗೆದುಹಾಕಿ, ನಾವಿಕರು ಸಿಟ್ಟಾದ ಮೇಲೆ ಡಿಸೆಂಬರಿನಲ್ಲಿ ವಾಪಸ್ ಕೊಟ್ಟರು.

ಪದಕೋಶಿ:
ಸರಿ, ಹೀಗೆ ತಿದ್ದಿದೆ: ‘1946ರ ಫೆಬ್ರುವರಿ 18ರಂದು ತಲ್ವಾರ್‌ನ ನಾವಿಕರು ಊಟ ಮುಟ್ಟಲಿಲ್ಲ.’ ಪೆಟಿ ಆಫೀಸರ್ ಹಾಗೇ ಬಿಟ್ಟೆ.